ಹಸೆ ಚಿತ್ತಾರದ ಪ್ರಿಂಟ್ ವಿದೇಶಕ್ಕೆ ಕಳಿಸುವುದು ಹೇಗೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಮ್ಮ ಹಸೆ ಚಿತ್ತಾರ (ಮಲೆನಾಡಿನ ಗೋಡೆಚಿತ್ರ ಕಲೆ) ಬರೆಯುತ್ತಾರೆ. ಅದನ್ನು ಸ್ಕ್ಯಾನ್ ಮಾಡಿಸಿ, ಒಳ್ಳೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ ಮಾರುತ್ತಿದ್ದೇನೆ. ಈಗ ನ್ಯೂಜೆರ್ಸಿಯಿಂದ ಎರಡು ಪ್ರಿಂಟ್‌ಗೆ, ಜರ್ಮನಿಯಿಂದ ಒಂದಕ್ಕೆ ಆರ್ಡರ್ ಬಂದಿದೆ. ಲಂಡನ್ನಿನ ಒಬ್ಬರು ಅಮ್ಮ ಕೈಯಲ್ಲಿ ಬರೆದ ಮೂಲ ಚಿತ್ರವನ್ನೇ ಕೇಳಿದ್ದಾರೆ, 45,000 ರೂಪಾಯಿಗೆ. ಅಂಚೆಯೋ ಕೊರಿಯರ್ರೋ? ಕಸ್ಟಮ್ಸ್‌ಗೆ ಏನು ಬರೆಯಬೇಕು? ವಿಮೆ ಬೇಕಾ? ಪರಿಚಯದವರೊಬ್ಬರು ‘ಗಿಫ್ಟ್, 10 ಡಾಲರ್ ಅಂತ ಬರೆದುಬಿಡು, ಸುಮ್ನೆ ತಲೆನೋವು ಯಾಕೆ’ ಅಂದರು. ಹಾಗೆ ಮಾಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಹಾಗೆ ಬರೆಯಬೇಡಿ. ಮಾರಿದ ವಸ್ತು ಗಿಫ್ಟ್ ಅಲ್ಲ. ಕಸ್ಟಮ್ಸ್ ಫಾರಂ ಕೆಳಗೆ ಸಹಿ ಹಾಕುವವರು ನೀವು, ಸಲಹೆ ಕೊಟ್ಟವರಲ್ಲ. ಗಿರಾಕಿಯ ಹಣ ನಿಮ್ಮ ಬ್ಯಾಂಕಿಗೆ ಬಂದಿರುತ್ತದೆ, ಅಲ್ಲಿ ಒಂದು ಮೊತ್ತ, ಫಾರಂನಲ್ಲಿ ಇನ್ನೊಂದು ಮೊತ್ತ. ಇದನ್ನು ಹಿಡಿಯುವುದು ಯಾರಿಗೂ ಕಷ್ಟವಲ್ಲ. ಪಾರ್ಸೆಲ್ ಕಳೆದುಹೋದರೆ ಅಂಚೆಯವರಾಗಲಿ ವಿಮೆಯವರಾಗಲಿ ನೋಡುವುದು ನೀವೇ ಬರೆದ ಬೆಲೆಯನ್ನು. 10 ಡಾಲರ್ ಅಂತ ಬರೆದು, 45,000 ರೂಪಾಯಿ ಕೊಡಿ ಅಂತ ಕೇಳಿದರೆ ಯಾರೂ ಕೊಡುವುದಿಲ್ಲ. ಇನ್ನೂ ಒಂದು ವಿಷಯ ಇದೆ. ನಿಮ್ಮ ತಾಯಿಯ ಕೆಲಸದ ಬೆಲೆ ಮೊದಲ ಸಲ ಸರ್ಕಾರಿ ದಾಖಲೆಗೆ ಸೇರುವುದು ಈ ಕಾಗದದಲ್ಲಿ. ಮುಂದೆ ದೊಡ್ಡ ವಿಮೆ ಮಾಡಿಸುವಾಗ ‘ಇವರ ಚಿತ್ರಕ್ಕೆ ಇಷ್ಟು ಬೆಲೆ ಇದೆ’ ಎಂದು ತೋರಿಸಲು ಇದೇ ಆಧಾರ. ಅಲ್ಲಿ 10 ಡಾಲರ್ ಅಂತ ಇರುವುದು ನನಗಂತೂ ಇಷ್ಟವಿಲ್ಲ.

ಹಾಗಾಗಿ ಇನ್‌ವಾಯ್ಸ್, ಕಸ್ಟಮ್ಸ್ ಫಾರಂ, ರಫ್ತು ಬಿಲ್, ವಿಮಾ ಪಾಲಿಸಿ, ಈ ನಾಲ್ಕರಲ್ಲೂ ಒಂದೇ ವಿವರ, ಒಂದೇ ಬೆಲೆ ಇರಲಿ. ಪಾರ್ಸೆಲ್‌ಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇವು ಒಂದಕ್ಕೊಂದು ಹೊಂದದೆ ಹೋದಾಗ.

ಈಗ ಆ ವಿವರ ಏನಾಗಿರಬೇಕು ಅಂತ ನೋಡೋಣ. ಕಸ್ಟಮ್ಸ್‌ನವರಿಗೆ ನಿಮ್ಮ ಪ್ರಿಂಟ್ ಬೇರೆ, ಅಮ್ಮನ ಚಿತ್ರ ಬೇರೆ. ಪ್ರಪಂಚದ ಎಲ್ಲ ಕಡೆ ಸರಕುಗಳಿಗೆ ಎಚ್‌ಎಸ್ ಕೋಡ್ ಅಂತ ಒಂದು ಸಂಖ್ಯೆ ಇರುತ್ತದೆ. ಮೊದಲ ಆರು ಅಂಕಿ ಬಹುತೇಕ ಎಲ್ಲ ದೇಶಗಳಿಗೂ ಒಂದೇ. ಮುದ್ರಿಸಿದ ಚಿತ್ರ, ಪೋಸ್ಟರ್, ಫೋಟೋ ಎಲ್ಲ ಬರುವುದು 4911.91ರಲ್ಲಿ. ಕೈಯಲ್ಲೇ ಬರೆದ, ನೂರು ವರ್ಷ ದಾಟದ ಚಿತ್ರ 9701.91ರಲ್ಲಿ. ನಡುವೆ 9702 ಅಂತ ಒಂದಿದೆ, ಮೂಲ ಪ್ರಿಂಟ್‌ಗಳಿಗೆ. ಇಲ್ಲೇ ಬಹಳ ಜನ ತಪ್ಪುವುದು. ‘ನಾನು ಇಪ್ಪತ್ತೈದೇ ಪ್ರತಿ ತೆಗೆಸಿದ್ದೇನೆ, ಅಮ್ಮ ಪ್ರತಿಯೊಂದಕ್ಕೂ ಸಹಿ ಹಾಕಿದ್ದಾರೆ, ಹಾಗಾಗಿ ಇದು ಮೂಲ ಪ್ರಿಂಟ್’ ಅಂತ ವಾದ ಬರುತ್ತದೆ. ಅಲ್ಲ. 9702ಕ್ಕೆ ಸೇರಬೇಕಾದರೆ ಕಲಾವಿದರೇ ಕೈಯಿಂದ ಅಚ್ಚು ಮಾಡಿರಬೇಕು, ಆ ಅಚ್ಚಿನಿಂದಲೇ ನೇರ ಒತ್ತಿರಬೇಕು, ನಡುವೆ ಕ್ಯಾಮೆರಾ ಅಥವಾ ಯಂತ್ರದ ನಕಲು ವಿಧಾನ ಬರಬಾರದು. ಮರದಲ್ಲೋ ಲಿನೋಲಿಯಂನಲ್ಲೋ ಕೆತ್ತಿ ಒತ್ತಿದ್ದು ಅಲ್ಲಿ ಸೇರುತ್ತದೆ. ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದದ್ದು, ಎಷ್ಟೇ ದುಬಾರಿ ಕಾಗದವಾದರೂ, 4911.91.

ಇದರಿಂದ ನಿಮಗೆ ನಷ್ಟವೇನೂ ಇಲ್ಲ. ಅಮೆರಿಕ, ಯುರೋಪಿಯನ್ ಒಕ್ಕೂಟ, ಬ್ರಿಟನ್ ಮೂರೂ ಕಡೆ 4911.91ಕ್ಕೆ ಮಾಮೂಲಿ ಆಮದು ಸುಂಕ ಸೊನ್ನೆ. ತಲೆನೋವು ಬರುವುದು ಅದರ ಜೊತೆಗಿನ ಬೇರೆ ತೆರಿಗೆಗಳಿಂದ.

ವಿವರಣೆಯಲ್ಲಿ ಬರೀ ‘ಆರ್ಟ್’ ಅಂತ ಬರೆದರೆ ಸಾಲದು. ‘ಕಾಗದದ ಮೇಲೆ ಇಂಕ್‌ಜೆಟ್ ಮುದ್ರಣ, ಫ್ರೇಮ್ ಇಲ್ಲ, 16x20 ಇಂಚು, 2 ಪ್ರತಿ, ಭಾರತದಲ್ಲಿ ಮುದ್ರಿತ’ ಎಂದು ಬರೆಯಿರಿ, ಮುದ್ರಿಸಿದ ಇಸವಿಯನ್ನೂ ಹಾಕಿ. ಫಾರಂ ತುಂಬುವುದು ಇಂಗ್ಲಿಷಿನಲ್ಲಿ. ಇಸವಿ ಯಾಕೆ ಅಂದರೆ, 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಗೆರೆ ಎಳೆದ ಚಿತ್ರ, ಗೊತ್ತಿಲ್ಲದವರ ಕಣ್ಣಿಗೆ ಹಳೆಯದಾಗಿ ಕಾಣಬಹುದು. ಅಮ್ಮನ ಮೂಲ ಚಿತ್ರದ ಜೊತೆ ಅವರ ಸಹಿ, ಬರೆದ ಇಸವಿ, ಬಳಸಿದ ಸಾಮಗ್ರಿ ಬರೆದ ಒಂದು ಹಾಳೆ ಇಡಿ. ಚಿತ್ರ ಬರೆಯುತ್ತಿರುವ ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಇಲ್ಲಿಂದ ಹೊರಡುವ ಮುಂಚೆ ಬೇಕಾದ ಕಾಗದಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಇದು ಒಂದು ಸಲದ ಕೆಲಸ. ವ್ಯಾಪಾರಕ್ಕಾಗಿ ಕಳಿಸುವಾಗ ಐಇಸಿ ಅಂದರೆ ಆಮದು-ರಫ್ತು ಸಂಖ್ಯೆ ಬೇಕು. ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆ) ವೆಬ್‌ಸೈಟಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ ಕೊಟ್ಟು ಮನೆಯಿಂದಲೇ ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಒಮ್ಮೆ ಖಚಿತಪಡಿಸಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ರಫ್ತಿಗೆ ಜಿಎಸ್‌ಟಿ ದರ ಸೊನ್ನೆ. ನೋಂದಣಿ ಇದ್ದವರು ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟರೆ ತೆರಿಗೆ ಕಟ್ಟದೆಯೇ ಕಳಿಸಬಹುದು. ಅದು ಆ ಆರ್ಥಿಕ ವರ್ಷಕ್ಕೆ ಮಾತ್ರ. ನಿಮಗೆ ನೋಂದಣಿ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಒಟ್ಟು ಲೆಕ್ಕ ನೋಡಿ ಆಡಿಟರ್ ಹೇಳಬೇಕು. ಒಮ್ಮೆ ಹೋಗಿ ಕೇಳಿ.

ಅಂಚೆಯೋ ಕೊರಿಯರ್ರೋ? ಪ್ರಿಂಟ್‌ಗಳಿಗೆ ಮೊದಲು ಅಂಚೆಯನ್ನೇ ನೋಡಿ ಅನ್ನುತ್ತೇನೆ. ಅಂಚೆ ಇಲಾಖೆ 2022ರಿಂದ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ ಅಂತ ರಫ್ತು ಕೇಂದ್ರಗಳನ್ನು ತೆರೆದಿದೆ. ಶಿವಮೊಗ್ಗದ ಪ್ರಧಾನ ಅಂಚೆ ಕಚೇರಿಯಲ್ಲಿ ಇದರ ಬಗ್ಗೆ ವಿಚಾರಿಸಿ. ಆ ಪೋರ್ಟಲ್‌ನಲ್ಲಿ ನೀವೇ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ತುಂಬಬಹುದು. ಕಸ್ಟಮ್ಸ್ ನೋಡಲು ನೀವು ಬೆಂಗಳೂರಿಗೆ ಓಡಬೇಕಾಗಿಲ್ಲ. ಪಾರ್ಸೆಲ್ಲಿನ ಮೇಲೆ ಅಂಟಿಸುವ ಫಾರಂ ಎರಡು ಥರ. 2 ಕೆಜಿ ಮತ್ತು 300 ಎಸ್‌ಡಿಆರ್ ಬೆಲೆಯ ಒಳಗಿನ ಸಣ್ಣ ಕಟ್ಟಿಗೆ ಸಿಎನ್22, ಮೀರಿದರೆ ಸಿಎನ್23. ಎಸ್‌ಡಿಆರ್ ಅನ್ನುವುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಒಂದಕ್ಕೆ ಸುಮಾರು 120 ರೂಪಾಯಿ. ಈ ಮಾತು ವಿಮೆಯಲ್ಲಿ ಮತ್ತೆ ಬರುತ್ತದೆ.

ಕೊರಿಯರ್‌ನಲ್ಲಿ ಎರಡು ವಿಷಯ ಎಚ್ಚರ. ಒಂದು, ಅವರು ತೂಕಕ್ಕಲ್ಲ, ಗಾತ್ರಕ್ಕೆ ದುಡ್ಡು ಕೇಳಬಹುದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಟ್ಯೂಬ್ 1.2 ಕೆಜಿ ಆಗುತ್ತದೆ. ಅದೇ ಪ್ರಿಂಟ್ ಸುರುಳಿ ಸುತ್ತದೆ 60x45x5 ಪೆಟ್ಟಿಗೆಯಲ್ಲಿ ಹೋದರೆ 2.7 ಕೆಜಿ. ಒಳಗಿರುವ ಕಾಗದ ಕಾಲು ಕೆಜಿಯೂ ಇಲ್ಲದಿರಬಹುದು. ಎರಡು, ‘ಯಾವ ಬಿಲ್ಲಿನಲ್ಲಿ ಕಳಿಸುತ್ತೀರಿ’ ಅಂತ ಕೇಳಿ. ಸಿಎಸ್‌ಬಿ ಅಂದರೆ ಕೊರಿಯರ್ ಮೂಲಕದ ರಫ್ತು ಬಿಲ್. ಸಿಎಸ್‌ಬಿ-4 ಗಿಫ್ಟ್ ಮತ್ತು ಸ್ಯಾಂಪಲ್‌ಗೆ, ಸಿಎಸ್‌ಬಿ-5 ವ್ಯಾಪಾರಕ್ಕೆ. ಬುಕಿಂಗ್ ಅಂಗಡಿಯವರು ಸುಲಭ ಅಂತ 4ರಲ್ಲೇ ಹಾಕಿಬಿಡುವುದುಂಟು. ಆಮೇಲೆ ನಿಮ್ಮ ರಫ್ತಿಗೆ ದಾಖಲೆಯೇ ಇರುವುದಿಲ್ಲ.

ಈಗ ನಿಮ್ಮ ಮೂರು ಗಿರಾಕಿಗಳು.

ನ್ಯೂಜೆರ್ಸಿ. ಮೊದಲು 800 ಡಾಲರ್ ಒಳಗಿನ ಪಾರ್ಸೆಲ್ ಅಮೆರಿಕದೊಳಗೆ ತೆರಿಗೆ ಇಲ್ಲದೆ ಹೋಗುತ್ತಿತ್ತು. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ನಿಂತಿತು. ಹಣ ವಸೂಲಿಯ ವ್ಯವಸ್ಥೆ ತಯಾರಿರಲಿಲ್ಲವಾದ್ದರಿಂದ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಸರಕು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು, ಆದರೆ ಸುಂಕವನ್ನು ಬುಕಿಂಗ್ ಸಮಯದಲ್ಲೇ ಇಲ್ಲಿ ಕಟ್ಟುವ ಷರತ್ತಿನ ಮೇಲೆ. ಆಗ ಭಾರತದ ಸರಕಿಗೆ ಘೋಷಿತ ಬೆಲೆಯ ಶೇ. 50 ಇತ್ತು. ಈ ದರಗಳು ಬೇಗ ಬೇಗ ಬದಲಾಗುವಂಥವು. ಹಾಗಾಗಿ ಹಳೆಯ ಸಂಖ್ಯೆ ನಂಬಬೇಡಿ, ಕಳಿಸುವ ದಿನದ ದರ ಕೌಂಟರಿನಲ್ಲೇ ಕೇಳಿ. ನಿಮಗೆ ಅನುಕೂಲವಾಗುವ ಒಂದು ಅಂಶ ಹೇಳುತ್ತೇನೆ. ತುರ್ತು ಅಧಿಕಾರದ ಕಾನೂನಿನಡಿ ಹಾಕಿದ ಆ 2025ರ ಸುಂಕಗಳಿಂದ ಪುಸ್ತಕ, ಪೋಸ್ಟರ್, ಫೋಟೋ, ಕಲಾಕೃತಿಗಳು ಹೊರಗಿದ್ದವು, ಯಾಕೆಂದರೆ ಆ ಕಾನೂನೇ ಅವನ್ನು ಹೊರಗಿಟ್ಟಿದೆ. ಮುಂದೆ ಯಾವ ಹೊಸ ಸುಂಕ ಬಂದರೂ ಕೇಳಬೇಕಾದ ಪ್ರಶ್ನೆ ಇದೇ: ‘4911.91ಕ್ಕೆ ವಿನಾಯಿತಿ ಇದೆಯಾ, ನೀವು ಅದನ್ನು ಹಾಕುತ್ತೀರಾ?’ ಇದನ್ನು ಬಾಯಲ್ಲಿ ಕೇಳಿದರೆ ಸಾಲದು, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅಂಚೆಯ ಒಟ್ಟು ಖರ್ಚು, ಕೊರಿಯರ್‌ನ ಒಟ್ಟು ಖರ್ಚು ಎರಡನ್ನೂ ಬರೆದಿಟ್ಟುಕೊಂಡು ಆಮೇಲೆ ತೀರ್ಮಾನಿಸಿ.

ಜರ್ಮನಿ. ಮಾಮೂಲಿ ಸುಂಕ ಇಲ್ಲ, ಆದರೆ ವ್ಯಾಟ್ (ನಮ್ಮ ಜಿಎಸ್‌ಟಿ ಥರದ ತೆರಿಗೆ) ಇದೆ. ಅಲ್ಲಿನ ಮಾಮೂಲಿ ದರ ಶೇ. 19. 22 ಯುರೋ ಒಳಗಿನ ಸಣ್ಣ ಪಾರ್ಸೆಲ್ಲಿಗೆ ಇದ್ದ ವಿನಾಯಿತಿ 2021ರ ಜುಲೈ 1ರಿಂದ ಇಲ್ಲ. 150 ಯುರೋ ಒಳಗಿನದ್ದನ್ನು ಆನ್‌ಲೈನ್ ಮಾರಾಟ ತಾಣದ ಮೂಲಕ ಮಾರಿದರೆ ತಾಣದವರೇ ವ್ಯಾಟ್ ವಸೂಲಿ ಮಾಡಿ, ಅದರ ಗುರುತಾಗಿ ಐಒಎಸ್‌ಎಸ್ ಎಂಬ ಸಂಖ್ಯೆ ಕೊಡುತ್ತಾರೆ. ಅದನ್ನು ಅಂಚೆಯ ಆನ್‌ಲೈನ್ ವಿವರದಲ್ಲಿ ತುಂಬಬೇಕು. ಬಿಟ್ಟರೆ ಗಿರಾಕಿ ಎರಡನೇ ಸಲ ತೆರಿಗೆ ಕಟ್ಟುತ್ತಾನೆ. ನೇರ ಮಾರಿದರೆ ಪಾರ್ಸೆಲ್ ಬಾಗಿಲಿಗೆ ಬಂದಾಗ ಅವರೇ ವ್ಯಾಟ್ ಮತ್ತು ಅಂಚೆಯವರ ನಿರ್ವಹಣಾ ಶುಲ್ಕ ಕಟ್ಟಬೇಕು. ಇದನ್ನು ಅವರಿಗೆ ಮೊದಲೇ ಹೇಳಿ. ಹೇಳದೇ ಇದ್ದಾಗಲೇ ಪಾರ್ಸೆಲ್ ತಿರಸ್ಕರಿಸುವುದು.

ಜರ್ಮನಿಯ ವಿಷಯದಲ್ಲಿ ನನಗೆ ಇನ್ನೂ ಒಂದು ಚಿಂತೆ ಇದೆ. ಅಲ್ಲಿನ ಪ್ಯಾಕಿಂಗ್ ಕಾನೂನಿನ ಪ್ರಕಾರ, ಅಲ್ಲಿನ ಮನೆಗಳಿಗೆ ಸರಕು ಕಳಿಸುವ ವಿದೇಶಿ ಮಾರಾಟಗಾರರೂ ಲೂಸಿಡ್ ಎಂಬ ನೋಂದಣಿ ಮಾಡಿಸಬೇಕು, ರಟ್ಟು-ಪ್ಲಾಸ್ಟಿಕ್ ಮರುಬಳಕೆಯ ಶುಲ್ಕ ಕಟ್ಟಬೇಕು. ಒಂದೇ ಪಾರ್ಸೆಲ್ ಆದರೂ ಇದು ಅನ್ವಯ. ಯುರೋಪಿಯನ್ ಒಕ್ಕೂಟದ ಗ್ರಾಹಕ ಸುರಕ್ಷತೆಯ ಹೊಸ ನಿಯಮವೂ 2024ರ ಡಿಸೆಂಬರ್ 13ರಿಂದ ಬಂದಿದೆ. ಅದಕ್ಕೆ ಒಕ್ಕೂಟದೊಳಗೆ ಜವಾಬ್ದಾರಿ ಹೊರುವ ಒಬ್ಬರ ಹೆಸರು, ವಿಳಾಸ ಬೇಕು. ಒಂದು ಪ್ರಿಂಟ್‌ಗಾಗಿ ಇಷ್ಟೆಲ್ಲ ಮಾಡುವುದು ಲಾಭವಲ್ಲ. ಅಲ್ಲಿಂದ ಮತ್ತೆ ಮತ್ತೆ ಆರ್ಡರ್ ಬರುವ ಹಾಗಿದ್ದರೆ ಮಾಡಿಸಿ. ಇಲ್ಲದಿದ್ದರೆ ಈ ಗಿರಾಕಿಗೆ ಸ್ವಲ್ಪ ಕಾಯಲು ಹೇಳಿ, ಅಥವಾ ಅವರು ಊರಿಗೆ ಬರುವ ಪರಿಚಯದವರ ಕೈಯಲ್ಲಿ ತರಿಸಿಕೊಳ್ಳಲಿ.

ಲಂಡನ್. ಬ್ರಿಟನ್ನಿನಲ್ಲಿ 135 ಪೌಂಡ್ ಒಂದು ಗಡಿ. ಅದರ ಒಳಗಿದ್ದರೆ ನೇರ ಮಾರುವವರೇ ಅಲ್ಲಿ ವ್ಯಾಟ್ ನೋಂದಣಿ ಮಾಡಿಸಬೇಕು, ತಾಣದ ಮೂಲಕವಾದರೆ ತಾಣ ನೋಡಿಕೊಳ್ಳುತ್ತದೆ. ಹಾಗಾಗಿ ಮುಂದೆ ಅಲ್ಲಿಗೆ ಸಣ್ಣ ಪ್ರಿಂಟ್ ಮಾರುವುದಾದರೆ ತಾಣದ ಮೂಲಕವೇ ಮಾರಿ. ನಿಮ್ಮ 45,000 ರೂಪಾಯಿಯ ಚಿತ್ರ ಆ ಗಡಿ ದಾಟುತ್ತದೆ. ಗಿರಾಕಿಯೇ ಆಮದು ವ್ಯಾಟ್ ಕಟ್ಟುತ್ತಾರೆ. ಮಾಮೂಲಿ ದರ ಶೇ. 20, ಆದರೆ ಕೈಯಲ್ಲಿ ಬರೆದ ಮೂಲ ಕಲಾಕೃತಿಗೆ ಶೇ. 5 ಮಾತ್ರ. ಎಷ್ಟು ವ್ಯತ್ಯಾಸ ನೋಡಿ! 45,000ದ ಮೇಲೆ 9,000 ಕಟ್ಟುವ ಬದಲು 2,250. ಇನ್‌ವಾಯ್ಸಿನಲ್ಲಿ 9701.91 ಅಂತ ಹಾಕಿ, ‘ಕಲಾವಿದೆ ಸಂಪೂರ್ಣ ಕೈಯಲ್ಲೇ ಬರೆದ ಏಕೈಕ ಚಿತ್ರ’ ಎಂದು ಬರೆಯಿರಿ. ಕೊರಿಯರ್‌ನವರ ಕಸ್ಟಮ್ಸ್ ವಿಭಾಗಕ್ಕೂ ಮೊದಲೇ ತಿಳಿಸಿ. ಸುಮ್ಮನಿದ್ದರೆ ಅವರು ಶೇ. 20 ಹಾಕಿ ಮುಗಿಸಬಹುದು, ಆಮೇಲೆ ವಾಪಸ್ ತರಿಸುವುದು ದೊಡ್ಡ ಓಡಾಟ.

ವಿಮೆಗೆ ಮುಂಚೆ ಪ್ಯಾಕಿಂಗ್ ಹೇಳಲೇಬೇಕು. ಪ್ಯಾಕಿಂಗ್ ಸರಿ ಇಲ್ಲದಿದ್ದರೆ ವಿಮೆ ಇದ್ದೂ ಇಲ್ಲದ ಹಾಗೆ.

ನಮ್ಮ ಮಲೆನಾಡಿನಲ್ಲಿ ಶತ್ರು ನೀರಿಗಿಂತ ಹೆಚ್ಚಾಗಿ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಗಾಳಿಯಿಂದಲೇ ತೇವ ಹೀರುತ್ತದೆ. ಮುಟ್ಟಿದರೆ ಗೊತ್ತಾಗುವುದಿಲ್ಲ. ಆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಮುಚ್ಚಿದರೆ ತೇವವನ್ನೂ ಒಳಗೇ ಮುಚ್ಚಿದ ಹಾಗೆ. ಬೂಷ್ಟು ಅಲ್ಲೇ ಹುಟ್ಟುತ್ತದೆ. ವಿಮಾನದ ತಂಪಿನಲ್ಲಿ ನೀರಿನ ಹನಿಯೂ ಕಟ್ಟಬಹುದು. ಹಾಗಂತ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ, ಹೊಗೆ ಹಿಡಿಯುತ್ತದೆ. ಮಳೆಗಾಲದಲ್ಲಿ ಪ್ರಿಂಟ್ ತೆಗೆಸಿದ ಕಡೆಯೇ, ಎಸಿ ಇರುವ ಕೋಣೆಯಲ್ಲಿ, ಶಾಯಿ ಒಂದು ಇಡೀ ದಿನ ಆರಿದ ಮೇಲೆ ಅಲ್ಲೇ ಪ್ಯಾಕ್ ಮಾಡಿಸಿ. ಮನೆಗೆ ತಂದು ಮತ್ತೆ ಬಿಚ್ಚುವುದು ಬೇಡ. ಚಿತ್ರದ ಮೇಲೆ ಆಮ್ಲ ಇಲ್ಲದ ನುಣುಪು ಗ್ಲಾಸಿನ್ ಕಾಗದ, ಅದರ ಹೊರಗೆ ಪ್ಲಾಸ್ಟಿಕ್ ಚೀಲ, ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ.

ಟ್ಯೂಬ್ ಆದರೆ ಕನಿಷ್ಠ ಮೂರು ಇಂಚು ಅಗಲ ಇರಲಿ, ಗೋಡೆ ದಪ್ಪ ಇರಲಿ. ದಪ್ಪ ಕಾಗದಕ್ಕೆ ನಾಲ್ಕು ಇಂಚು. ಪ್ರಿಂಟ್‌ಗಿಂತ ಟ್ಯೂಬ್ ಎರಡು ಇಂಚಾದರೂ ಉದ್ದ ಇರಬೇಕು, ಇಲ್ಲದಿದ್ದರೆ ತುದಿ ಬಡಿಸಿಕೊಂಡು ಮಡಚುತ್ತದೆ. ಎರಡೂ ಬದಿಯ ಖಾಲಿ ಜಾಗಕ್ಕೆ ಕಾಗದ ತುಂಬಿ.

ಅಮ್ಮನ ಮೂಲ ಚಿತ್ರವನ್ನು ಮಾತ್ರ ಸುರುಳಿ ಸುತ್ತಬೇಡಿ. ಕೆಮ್ಮಣ್ಣು, ಅಕ್ಕಿ ಹಿಟ್ಟು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಇವೆಲ್ಲ ಗೋಡೆಯ ಮೇಲೆ ಕೂರಲು ಹುಟ್ಟಿದ ಬಣ್ಣಗಳು. ಬಾಗಿದರೆ ಬಿರಿದು ಉದುರುತ್ತವೆ. ಪುಂಡಿ ನಾರಿನಲ್ಲಿ ಎಳೆದ ಅಷ್ಟು ಸಣ್ಣ ಗೆರೆ ಒಂದು ಕಡೆ ಉದುರಿದರೂ ಕಾಣುತ್ತದೆ. ಮಟ್ಟಸವಾಗಿಯೇ ಕಳಿಸಿ. ಚಿತ್ರದ ಸುತ್ತ ದಪ್ಪ ರಟ್ಟಿನ ಚೌಕಟ್ಟು ಇಟ್ಟರೆ ಮೇಲಿನ ಹಾಳೆ ಬಣ್ಣಕ್ಕೆ ತಾಗುವುದಿಲ್ಲ. ಹಿಂದೆ ಮುಂದೆ ಗಟ್ಟಿ ಬೋರ್ಡ್, ಹೊರಗೆ ಪೆಟ್ಟಿಗೆ.

ಫ್ರೇಮ್ ಹಾಕಿಸಿ ಕಳಿಸುವ ಆಸೆ ಬಿಡಿ. ಗಾಜು ಒಡೆಯುತ್ತದೆ, ಗಾತ್ರ ಹೆಚ್ಚುತ್ತದೆ. ಸಾಗರದ ಕೆಲಸಗಾರರು ಬೀಟೆಯಲ್ಲಿ ಎಷ್ಟು ಚಂದ ಮಾಡಿಕೊಟ್ಟರೂ, 2017ರಿಂದ ಬೀಟೆಯ ಇಡೀ ಜಾತಿಯ ಮರಗಳು ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿವೆ. ಕಾಗದಪತ್ರ ಇಲ್ಲದೆ ಹೋದರೆ ಸಿಕ್ಕಿಬೀಳಬಹುದು. ಹಸಿ ಮರದ ಪಟ್ಟಿಯಿಂದ ಪೆಟ್ಟಿಗೆ ಹೊಡೆಸಿದರೂ ಕಷ್ಟ. ಕೀಟ ಸಾಯುವಂತೆ ಶಾಖ ಕೊಟ್ಟೋ ಮದ್ದಿನ ಹೊಗೆ ಹಾಕಿಯೋ ಮುದ್ರೆ ಒತ್ತಿದ ಮರವೇ ಆಗಬೇಕು ಎಂಬುದು ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ನಿಯಮ. ಪ್ಲೈವುಡ್‌ಗೆ, ರಟ್ಟಿಗೆ ಅದು ಇಲ್ಲ. ಮನೆಯಲ್ಲಿ ಸಿಗುತ್ತದೆ ಅಂತ ಹುಲ್ಲು, ಅಡಿಕೆ ಹಾಳೆ, ಒಣ ಎಲೆ ಯಾವುದನ್ನೂ ಒಳಗೆ ತುಂಬಬೇಡಿ. ಗಿಡದ ರೋಗ ಬರುತ್ತದೆಂದು ಹಲವು ದೇಶಗಳು ತಡೆಯುತ್ತವೆ, ಆಸ್ಟ್ರೇಲಿಯಾದವರಂತೂ ತುಂಬಾ ಕಟ್ಟುನಿಟ್ಟು.

ಇನ್ನು ವಿಮೆ. ‘ಕೊರಿಯರ್‌ನವರು ಕಳೆದರೆ ಅವರೇ ಕೊಡುತ್ತಾರಲ್ಲ’ ಅಂತ ಬಹಳ ಜನ ನಂಬಿದ್ದಾರೆ. ವಿಮಾನ ಸಾಗಣೆಗೆ ಮಾಂಟ್ರಿಯಲ್ ಒಪ್ಪಂದ ಅಂತ ಇದೆ, ಭಾರತವೂ ಅದರಲ್ಲಿದೆ. ಅದರ ಪ್ರಕಾರ ಸರಕಿಗೆ ಪರಿಹಾರದ ಮಿತಿ ಕೆಜಿಗೆ 26 ಎಸ್‌ಡಿಆರ್. 2024ರ ಡಿಸೆಂಬರ್ 28ಕ್ಕೆ ಮುಂಚೆ 22 ಇತ್ತು. ಅಂದರೆ ಒಂದು ಕೆಜಿಯ ಪಾರ್ಸೆಲ್ಲಿಗೆ ಮೂರು ಸಾವಿರ ಚಿಲ್ಲರೆ ರೂಪಾಯಿ. ಒಳಗೆ 45,000ದ ಚಿತ್ರ ಇದ್ದರೂ ಅಷ್ಟೇ. ಕೌಂಟರಿನಲ್ಲಿ ಹೆಚ್ಚಿನ ದುಡ್ಡು ಕಟ್ಟಿ ‘ರಕ್ಷಣೆ’ ತೆಗೆದುಕೊಳ್ಳಬಹುದು. ಆದರೆ ಕಲಾಕೃತಿಗೆ ಪ್ರತ್ಯೇಕ ಮಿತಿ ಅಥವಾ ನಿರಾಕರಣೆ ಇದೆಯಾ ಅಂತ ಷರತ್ತಿನಲ್ಲಿ ಓದಿಯೇ ಕಟ್ಟಿ.

ಪ್ರಿಂಟ್‌ಗಳಿಗೆ ಪ್ರತ್ಯೇಕ ವಿಮೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಫೈಲ್ ನಿಮ್ಮ ಹತ್ತಿರ ಇದೆ. ಕಳೆದರೆ ಹೋಗುವುದು ಕಾಗದ, ಶಾಯಿ, ಸಾಗಣೆಯ ಖರ್ಚು. ಟ್ರ್ಯಾಕಿಂಗ್ ಇರುವ ಸೇವೆಯಲ್ಲಿ ಕಳಿಸಿ, ಪ್ರತಿ ಮಾರಾಟದಿಂದ ಸ್ವಲ್ಪ ಹಣ ಎತ್ತಿಡಿ, ಕಳೆದರೆ ಇನ್ನೊಂದು ಪ್ರಿಂಟ್ ಕಳಿಸಿ.

ಮೂಲ ಚಿತ್ರ ಹಾಗಲ್ಲ. ಅದಕ್ಕೆ ಪ್ರತ್ಯೇಕ ಸಾಗಣೆ ವಿಮೆ ಮಾಡಿಸಿ. ವಿಮೆಯವರ ಭಾಷೆಯಲ್ಲಿ ವಿಮಾನದಲ್ಲಿ ಹೋದರೂ ಅದು ‘ಮರೀನ್’ ಪಾಲಿಸಿಯೇ. ಒಂದೇ ಸಾಗಣೆಗೂ ಸಿಗುತ್ತದೆ. ಶಿವಮೊಗ್ಗದಲ್ಲಿ ಸಾಮಾನ್ಯ ವಿಮೆ ಮಾಡುವವರ ಹತ್ತಿರ ‘ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್, ಏರ್’ (Institute Cargo Clauses, Air) ಷರತ್ತಿನಲ್ಲಿ, ಸಾಗರದ ಮನೆಯಿಂದ ಲಂಡನ್ನಿನ ಮನೆಯವರೆಗೆ ಎಂದು ಕೇಳಿ. ಚಿತ್ರದ ಬೆಲೆ, ಸಾಗಣೆ, ವಿಮಾ ಕಂತು ಮೂರನ್ನೂ ಕೂಡಿಸಿ ಅದರ ಮೇಲೆ ಶೇ. 10 ಸೇರಿಸಿ ವಿಮೆ ಮಾಡುವುದು ರೂಢಿ. ಸಾಗಣೆ-ಕಂತು ಸೇರಿ 5,000 ಆದರೆ 55,000ಕ್ಕೆ ಮಾಡಿಸಿ. ಬೆಲೆಯನ್ನು ಮೊದಲೇ ಒಪ್ಪಿಕೊಂಡು ಪಾಲಿಸಿಯಲ್ಲಿ ಬರೆಸಿ, ನಷ್ಟವಾದ ಮೇಲೆ ಚೌಕಾಸಿ ಬೇಡ. ಗಿರಾಕಿಯ ಇಮೇಲ್, ಬ್ಯಾಂಕಿಗೆ ಬಂದ ಹಣದ ದಾಖಲೆ ಜೊತೆಗೆ ಕೊಡಿ.

ಎಲ್ಲ ಅಪಾಯಕ್ಕೂ ಅಂತ ಹೇಳಿದರೂ ಆ ಷರತ್ತುಗಳಲ್ಲಿ ಹೊರಗಿಟ್ಟದ್ದು ಇದೆ. ಸರಿ ಇಲ್ಲದ ಪ್ಯಾಕಿಂಗ್, ವಸ್ತುವಿನ ಸ್ವಭಾವದಿಂದಲೇ ಆದ ಹಾನಿ, ತಡ. ಬಣ್ಣ ತಾನಾಗಿ ಉದುರಿತು, ಕಾಗದ ಮೊದಲೇ ತೇವ ಇತ್ತು ಅಂತ ವಿಮೆಯವರು ಹೇಳಿದರೆ ನಿಮ್ಮ ಕೈಯಲ್ಲಿ ಏನಿದೆ? ಅದಕ್ಕೇ ಫೋಟೋ ಬೇಕು. ಚಿತ್ರದ ಮುಂದೆ, ಹಿಂದೆ, ನಾಲ್ಕು ಮೂಲೆ, ಪ್ಯಾಕಿಂಗಿನ ಒಂದೊಂದು ಪದರ, ಮುಚ್ಚಿದ ಪೆಟ್ಟಿಗೆ, ಬುಕಿಂಗ್ ರಸೀದಿ, ಎಲ್ಲವೂ ದಿನಾಂಕ ಕಾಣುವ ಹಾಗೆ.

ಲಂಡನ್ನಿನವರಿಗೂ ಒಂದು ಮಾತು ಬರೆಯಿರಿ. ಪೆಟ್ಟಿಗೆ ಜಜ್ಜಿದ್ದರೆ ಸಹಿ ಮಾಡುವಾಗಲೇ ಅದನ್ನು ಬರೆದು ಸಹಿ ಮಾಡಲಿ, ಬಿಚ್ಚುವುದನ್ನು ವಿಡಿಯೋ ಮಾಡಲಿ, ರಟ್ಟನ್ನು ಎಸೆಯದಿರಲಿ. ಮಾಂಟ್ರಿಯಲ್ ಒಪ್ಪಂದದಲ್ಲಿ ಹಾನಿಯ ದೂರು ಕೊಡಲು ಪಾರ್ಸೆಲ್ ಸಿಕ್ಕ ದಿನದಿಂದ 14 ದಿನ ಇದೆ, ಕೊರಿಯರ್ ಕಂಪನಿಯ ಷರತ್ತಿನಲ್ಲಿ ಅವಧಿ ಬೇರೆ ಇದೆಯೇ ಎಂದು ಮೊದಲೇ ಓದಿಕೊಳ್ಳಿ. ವಿಮಾ ಕಂಪನಿಗೆ ಅದೇ ದಿನ ತಿಳಿಸಿ.

ಐಇಸಿ ಬಂದ ತಕ್ಷಣ ನ್ಯೂಜೆರ್ಸಿಯ ಪ್ರಿಂಟ್‌ಗಳನ್ನು ಮೊದಲು ಕಳಿಸಿ, ಕಾಗದಪತ್ರಗಳ ಅಭ್ಯಾಸ ಆಗುತ್ತದೆ. ಅಮ್ಮನ ಚಿತ್ರ ಮಾತ್ರ ಮಳೆಗಾಲದಲ್ಲಿ ಹೊರಡುವುದು ಬೇಡ. ಮಳೆ ನಿಂತು ಗಾಳಿ ಒಣಗುವವರೆಗೆ ಕಾಯಲು ಲಂಡನ್ನಿನವರನ್ನು ಕೇಳಿ. ಯಾಕೆ ಅಂತ ವಿವರಿಸಿ ಬರೆದರೆ, ಇಷ್ಟು ದೂರದಿಂದ ಹಸೆ ಚಿತ್ತಾರ ಕೇಳಿದವರು ಒಪ್ಪುತ್ತಾರೆ.